ಯಾರ ಪಾಪ ಎಂಬ ಪ್ರಶ್ನೆ

ಸಜ್ಜನರಿಗೆ ಸಂಕಟ ಬರುವುದೇಕೆ ಎಂಬ ಪ್ರಶ್ನೆಗೆ ಕ್ರೈಸ್ತ ಪಂಡಿತರು ಬಹುಕಾಲದಿಂದ ದೈವನ್ಯಾಯ ವಿಚಾರದ ಮೂಲಕ, ಅಂದರೆ ಲೋಕದ ಕೇಡನ್ನು ಕಂಡೂ ದೇವರ ನ್ಯಾಯವನ್ನು ತರ್ಕದಿಂದ ಸಮರ್ಥಿಸುವ ಶಾಸ್ತ್ರದ ಮೂಲಕ, ಉತ್ತರ ಹುಡುಕಿದ್ದಾರಾದರೂ ಬೈಬಲಿಗೆ ಆ ದಾರಿಯಲ್ಲಿ ಹೆಚ್ಚು ನಂಬಿಕೆ ಇದ್ದಂತೆ ಕಾಣುವುದಿಲ್ಲ. ಯೋಬನ ಗ್ರಂಥದಲ್ಲಿ, ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ನಿರ್ದೋಷಿಯ ಎದುರು ಕುಳಿತು ದೇವರ ಪರವಾಗಿ ವಾದಿಸಿದ ಮೂವರು ಗೆಳೆಯರನ್ನು ಕೊನೆಗೆ ದೇವರೇ ಗದರಿಸುತ್ತಾನೆ. ದೇವರೊಡನೆ ಜಗಳಕ್ಕಿಳಿದ ಯೋಬನ ಮಾತೇ ಸರಿಯೆನಿಸಿಕೊಳ್ಳುತ್ತದೆ, ಆದರೆ ಅವನ ನೋವಿಗೆ ಕಾರಣವೇನೆಂಬುದನ್ನು ಅವನಿಗೆ ಯಾರೂ ಹೇಳುವುದಿಲ್ಲ.

ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ವೈದ್ಯರ ಗಮನಕ್ಕೆ ಬಂದ ಹಂದಿಗೋಡು ಕಾಯಿಲೆ ಈ ಪ್ರಶ್ನೆಯನ್ನು ಮಲೆನಾಡಿನ ಅಂಗಳಕ್ಕೇ ತರುತ್ತದೆ. ಸೊಂಟ, ಮಂಡಿಗಳ ಕೀಲುಗಳನ್ನು ಸವೆಸಿ ನಡಿಗೆಯನ್ನೇ ಕಸಿಯುವ ಈ ರೋಗ ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಎಂಬ ದಲಿತ ಸಮುದಾಯಗಳ ಬಡ ಕುಟುಂಬಗಳನ್ನು ಕಾಡಿತು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವೆಂಬ ಗುಮಾನಿ ಮೊದಲು ಹಬ್ಬಿದ್ದರೂ, ಇದು ಹೆತ್ತವರಿಂದ ಮಕ್ಕಳಿಗೆ ಇಳಿದುಬರುವ ವಂಶವಾಹಿ ದೋಷವೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಹುಟ್ಟುಗುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ಹೆತ್ತವರದೋ ಎಂದು ಕೇಳುವ, ಯೊವಾನ್ನನ ಶುಭಸಂದೇಶದ 9ನೆಯ ಅಧ್ಯಾಯವನ್ನು ಇಂಥ ಮನೆಗಳ ಮುಂದೆ ನಿಂತು ಓದಬೇಕು. ಯೇಸು ಎರಡನ್ನೂ ನಿರಾಕರಿಸಿ, ಇದು ದೇವರ ಕಾರ್ಯ ಪ್ರಕಟವಾಗುವುದಕ್ಕಾಗಿ ಎನ್ನುತ್ತಾನೆ. ಒಬ್ಬನ ಕತ್ತಲನ್ನು ದೇವರು ಪ್ರದರ್ಶನಕ್ಕಿಟ್ಟನೇ ಎಂಬ ಸಂಶಯ ಇಲ್ಲಿ ಸಹಜ, ಮತ್ತು ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ಉಸಿರಿನಲ್ಲಿ ಹಗಲಿರುವಾಗಲೇ ಮಾಡಬೇಕಾದ ಕೆಲಸದ ಮಾತು ಬರುತ್ತದೆ, ಯೇಸು ಕೆಸರು ಕಲಸಿ ಕುರುಡನ ಕಣ್ಣಿಗೆ ಹಚ್ಚುತ್ತಾನೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಇಂದಿಗೂ ಜೀವ ತೆಗೆಯುತ್ತಿರುವ ಮಂಗನ ಕಾಯಿಲೆಗೂ, ಸಂಕಟಕ್ಕೆ ಯಾರ ಪಾಪವೂ ಕಾರಣವಲ್ಲವೆಂಬ ಇದೇ ಮಾತು ಸಲ್ಲುತ್ತದೆ. ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋದವರನ್ನು ಕಚ್ಚುವ ಉಣುಗು ಅವರ ನಡತೆಯನ್ನು ವಿಚಾರಿಸುವುದಿಲ್ಲ. ಸಿಲೋವಾಂ ಗೋಪುರ ಕುಸಿದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲವೆಂದು ಲೂಕನ ಶುಭಸಂದೇಶ ಸ್ಪಷ್ಟಪಡಿಸುತ್ತದೆ.

ಆದರೆ ಶರಾವತಿ ಯೋಜನೆಗಾಗಿ ಕಟ್ಟಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು ಮುಳುಗಿದ್ದು ಬೇರೆಯೇ ಬಗೆಯ ಸಂಕಟ. ನಾಡಿಗೆ ಬೆಳಕು ಬೇಕೆಂದು ಮನುಷ್ಯರು ತೀರ್ಮಾನಿಸಿದ್ದರಿಂದ, ತಪ್ಪೇ ಮಾಡದವರು ಗದ್ದೆ, ತೋಟ, ದೈವದ ಬನಗಳನ್ನು ಬಿಟ್ಟು ಹೊರಟರು. ಇದನ್ನು ದೇವರ ಪರೀಕ್ಷೆ ಎನ್ನುವುದು ಯೋಬನ ಗೆಳೆಯರ ತಪ್ಪನ್ನೇ ಮತ್ತೆ ಮಾಡಿದಂತೆ. ದೇವರೇ ನೋವುಣ್ಣುವವರ ಜೊತೆಗಿದ್ದಾನೆ ಎಂಬುದಕ್ಕೆ ಕ್ರೈಸ್ತರು ಗುರುತಾಗಿ ಕಾಣುವ ಶಿಲುಬೆಯೂ ರೋಮನ್ ಅಧಿಪತಿ ಪಿಲಾತನ ತೀರ್ಪಿನಿಂದ ಬಂದದ್ದು; ಆದುದರಿಂದ ಆ ಗುರುತನ್ನು ತೋರಿಸಿ ಸಂತ್ರಸ್ತರಿಗೆ ಸಹನೆಯನ್ನಷ್ಟೇ ಬೋಧಿಸುವುದು ಅದಕ್ಕೆ ಬಗೆಯುವ ದ್ರೋಹ.

ಸಾಗರದ ಕ್ರೈಸ್ತ ಲೇಖಕ, 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ ಅವರಿಗೆ ರೋಗ ತರುವ ಸಂಕಟಕ್ಕೂ ಮನುಷ್ಯರ ತೀರ್ಮಾನ ತರುವ ಸಂಕಟಕ್ಕೂ ಇರುವ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಶರಾವತಿ ಯೋಜನೆಯ ಪ್ರದೇಶದಲ್ಲಿ ಸರ್ಕಾರಿ ನೌಕರರಾಗಿ ದುಡಿದ ಅವರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ, ತಮ್ಮ ಧರ್ಮದವರಲ್ಲದ ಜನರ ನಷ್ಟವನ್ನು ಸ್ವಂತದ್ದೆಂಬಂತೆ ಬರೆದರು. ಆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಆರು ದಶಕಗಳಾದರೂ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿರುವುದಕ್ಕೆ ಉತ್ತರ ಹೇಳಬೇಕಾದವರು ಭೂಮಿಯ ಮೇಲೆಯೇ ಇದ್ದಾರೆ.