ಅವ್ವನಿಗಿಂತ ಮಗಳೇ ದೊಡ್ಡವಳಾದಾಗ

ಕಳೆದ ತಿಂಗಳು ಸಾವಳಗಿಗೆ ಹೋದಾಗ ಮನೆಯಲ್ಲಿ ಒಂದೇ ಮಾತು: ಆಯಿಯ ಪಿಂಚಣಿ ಅರ್ಜಿ ವಾಪಸ್ ಬಂದಿದೆ. ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ. ಗುರುತಿನ ಚೀಟಿ ಪ್ರಕಾರ ಆಕೆಗೆ ಬರೀ 58. ನಮ್ಮಪ್ಪನಿಗೆ 54! ಅಂದ್ರೆ ನಾಲ್ಕು ವರ್ಷದ ಹುಡುಗಿ ಅಪ್ಪನನ್ನು ಹೆತ್ತಳು ಅಂತಾಯ್ತು.

ಆಯಿ ಅಂದಳು: "ಎಪ್ಪತ್ತೆರಡರ ಬರದಾಗ ನಿಮ್ಮಪ್ಪ ತೊಟ್ಟಿಲದಾಗಿದ್ದ. ಇವನ್ನ ಬಗಲಾಗ ಇಟ್ಕೊಂಡು ಕೆಲಸಕ್ಕ ಹೋಗೇನಿ. ಚೀಟಿ ಬರದಾವಂಗ ಏನ್ ಗೊತ್ತ?"

ಇಂಥದ್ದೇ ಬಗ್ ಒಮ್ಮೆ ಇಡೀ ವಿಶ್ವದ ಲೆಕ್ಕದಲ್ಲೂ ಇತ್ತು. 1929ರಲ್ಲಿ ಎಡ್ವಿನ್ ಹಬಲ್, ಗ್ಯಾಲಕ್ಸಿಗಳು ದೂರ ಇದ್ದಷ್ಟೂ ವೇಗವಾಗಿ ಸರಿಯುತ್ತಿವೆ ಅಂತ ತೋರಿಸಿದರು. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ವಿಶ್ವಕ್ಕೆ ಸುಮಾರು 200 ಕೋಟಿ ವರ್ಷ. ಆದರೆ 1940ರ ದಶಕದ ಹೊತ್ತಿಗೆ, ಯುರೇನಿಯಂ ಕ್ಷಯಿಸಿ ಸೀಸವಾಗುವ ಲೆಕ್ಕದಲ್ಲಿ ಭೂಮಿಯ ವಯಸ್ಸು 300 ಕೋಟಿ ದಾಟಿತ್ತು. ಅವ್ವನಿಗಿಂತ ಮಗಳೇ ದೊಡ್ಡವಳು!

ಕಲ್ಲಿನ ಲೆಕ್ಕ ಸರಿಯಿತ್ತು, ತಪ್ಪಿದ್ದು ದೂರದ ಅಳತೆ. ಅಳತೆಗೋಲಾಗಿ ಬಳಸಿದ ನಕ್ಷತ್ರಗಳಲ್ಲೇ ಎರಡು ಬಗೆ ಇವೆ ಅಂತ 1952ರಲ್ಲಿ ವಾಲ್ಟರ್ ಬಾಡೆ ಹೇಳಿದರು. ದೂರವೂ ವಯಸ್ಸೂ ದುಪ್ಪಟ್ಟಾದವು. ಆಮೇಲೂ ತಿದ್ದುಪಡಿ ನಡೆದೇ ಇತ್ತು. ಅತ್ತ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸ ಅಳೆದು ಭೂಮಿಗೆ 455 ಕೋಟಿ ವರ್ಷ ಅಂದರು. ಇವತ್ತಿನ ಲೆಕ್ಕ: ಸೌರಮಂಡಲ ಸುಮಾರು 457 ಕೋಟಿ, ವಿಶ್ವ ಸುಮಾರು 1380 ಕೋಟಿ ವರ್ಷ. ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು.

ಇಷ್ಟು ಸೊನ್ನೆ ನನ್ನ ತಲೆಗೂ ಹತ್ತಲ್ಲ. ಅದಕ್ಕೇ ವಿಶ್ವವನ್ನು 75ರ ಆಯಿ ಅಂದುಕೊಳ್ಳಿ. ಆಗ ಸೌರಮಂಡಲ 25ರ ಮೊಮ್ಮಗ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಅಂದ್ರೆ ಅದು 16ರ ಹುಡುಗ. ನಮ್ಮೂರ ಎರಿ ಮಣ್ಣಿಗೆ ಮೂಲವಾದ ಡೆಕ್ಕನ್ ಟ್ರ್ಯಾಪ್ ಕಲ್ಲಿಗೆ ಸುಮಾರು 6.6 ಕೋಟಿ ವರ್ಷ, ಅದು ನಾಲ್ಕು ತಿಂಗಳ ಕೂಸು. ಮೂರು ಲಕ್ಷ ವರ್ಷದ ನಾವು ಮನುಷ್ಯರು ಹುಟ್ಟಿ ಒಂದು ದಿನವೂ ಆಗಿಲ್ಲ!

ಆಯಿಯ ಮೊದಲ 50 ವರ್ಷ ಸೂರ್ಯನೇ ಇರಲಿಲ್ಲ. ಆ ಕಾಲದಲ್ಲಿ ಹುಟ್ಟಿ ಸತ್ತ ನಕ್ಷತ್ರಗಳು ಮಾಡಿಟ್ಟ ಕಬ್ಬಿಣವೇ ಈಗ ನಿಮ್ಮ, ನನ್ನ ರಕ್ತದಲ್ಲಿರೋದು.

ನಮ್ಮ ಮನೆ ಲೆಕ್ಕಕ್ಕೂ ಒಂದು ಕಲ್ಲು ಬೇಕಿತ್ತು. ಟ್ರಂಕಿನಲ್ಲಿ ಅಪ್ಪನ ಶಾಲೆ ದಾಖಲೆ ಸಿಕ್ತು: ಜೂನ್ 1, 1971. ಆ ಕಾಲದ ಎಲ್ಲರ ಹುಟ್ಟುಹಬ್ಬವೂ ಜೂನ್ 1ಕ್ಕೇ, ಬಿಡಿ. ಆದರೆ ವರ್ಷ ಆಯಿಯ ಬರದ ಮಾತಿಗೆ ಸರಿಹೊಂದಿತು. ಅದನ್ನೇ ಲಗತ್ತಿಸಿ ತಿದ್ದುಪಡಿಗೆ ಹಾಕಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.

ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ನೀವೂ ಕೇಳಿ: ಯಾವ ಬರ, ಯಾವ ಜಾತ್ರೆ, ಆಗ ತೊಟ್ಟಿಲಲ್ಲಿ ಯಾರಿದ್ದರು? ಫೋನಿನಲ್ಲೇ ಬರೆದಿಟ್ಟುಕೊಳ್ಳಿ. ಅರ್ಜಿ ಹಾಕೋ ಮೊದಲು ಚೀಟಿಯ ಜೊತೆ ಒಮ್ಮೆ ತಾಳೆ ನೋಡಿ.