ಧೂಪದ ಮರ ಕಡಿದು ಅಂಬರ್ ನೋಡುವುದೇ?

ಲಿಥುವೇನಿಯಾ, ಪೋಲೆಂಡ್ ಕಡೆಯ ಬಾಲ್ಟಿಕ್ ಕಡಲಿನಲ್ಲಿ ಬಿರುಗಾಳಿ ಎದ್ದು ಇಳಿದ ಮೇಲೆ ಜನ ದಡಕ್ಕೆ ಹೋಗುತ್ತಾರೆ. ಮೀನಿಗಲ್ಲ, ಅಂಬರಿಗೆ. ಅಲೆ ಎಸೆದ ಪಾಚಿ, ಕೊರಡುಗಳ ನಡುವೆ ಜೇನು ಬಣ್ಣದ ಚೂರುಗಳು ಸಿಗುತ್ತವೆ. ತೇಲಿಬಂದ ಕೊರಡನ್ನು ತೊಳೆದು ಒಣಗಿಸಿ, ಅದರ ಬಾಗು ನೋಡಿ ಹಕ್ಕಿಯನ್ನೋ ಮೀನನ್ನೋ ಕೆತ್ತಿ, ಅಂಬರ್ ಕೂರಿಸುವ ಕಲೆಗಾರರಿದ್ದಾರೆ. ಪಲಾಂಗ ಊರಿನಲ್ಲಿ 1963ರಿಂದ ಅಂಬರಿಗೆಂದೇ ಮ್ಯೂಸಿಯಂ ಇದೆ. ಈ ಕಲೆಗೆ ಒಂದು ಹಸಿ ಮರವನ್ನೂ ಕಡಿಯಬೇಕಿಲ್ಲ. ಅದೇ ಅದರ ದೊಡ್ಡಸ್ತಿಕೆ.

ಅಂಬರ್ ಅಂದರೆ ಕಲ್ಲಲ್ಲ, ಮರದ ಅಂಟು. ನೆಲದಡಿ ಕೋಟ್ಯಂತರ ವರ್ಷ ಹುದುಗಿ ಗಟ್ಟಿಯಾದದ್ದು. ಪೊಲೀಸರು ಹಿಡಿದರೆಂದು ಸುದ್ದಿಯಾಗುವ ತಿಮಿಂಗಿಲದ ಅಂಬರ್‌ಗ್ರೀಸ್ ಬೇರೆ, ಇದು ಬೇರೆ.

ಅದಕ್ಕೂ ನಮಗೂ ಏನು ಸಂಬಂಧ ಅಂತೀರಾ? ಇದೆ ಮಾರಾಯರೇ. ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲಿ ಸುಮಾರು 5 ಕೋಟಿ ವರ್ಷ ಹಳೆಯ ಅಂಬರ್ ಸಿಕ್ಕಿದೆ. ಒಳಗೆ ಕೀಟಗಳು ಇದ್ದ ಹಾಗೇ ಇವೆ. 2010ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಪ್ರಕಾರ ಆ ಅಂಟು ಸುರಿಸಿದ್ದು ನಮ್ಮ ಧೂಪದ ಮರದ ಕುಟುಂಬಕ್ಕೇ ಸೇರಿದ ಮರಗಳು!

ಆ ಧೂಪ ನಮ್ಮ ಕರಾವಳಿಯಲ್ಲಿ ಸಾಲುಮರವಾಗಿ ನಿಂತಿದೆ. ಅಂಟು ದೇವರ ಮುಂದೆ ಹೊಗೆಯಾಗುತ್ತದೆ, ಬೀಜದ ಎಣ್ಣೆ ಸಾಬೂನಿಗೆ ಹೋಗುತ್ತದೆ, ನೆರಳು ಬಸ್ಸು ಕಾಯುವವರಿಗೆ. ರಸ್ತೆ ಅಗಲ ಮಾಡುವಾಗ ಮೊದಲು ಉರುಳುವುದೂ ಇದೇ. ಬಸ್ಸಿನ ಕಿಟಕಿಯಿಂದ ನೋಡಿ ಸುಮ್ಮನೆ ಕುಳಿತವರು ನಾವೆಲ್ಲ.

ರಸ್ತೆ ಬೇಡ ಅಂತ ನಾವು ಹೇಳುವುದಿಲ್ಲ. ಅಂಗಡಿಗೆ ಗಿರಾಕಿ ಬರಬೇಕು, ಬಸ್ಸು ಹೊತ್ತಿಗೆ ತಲುಪಬೇಕು. ಆದರೆ ಅಡ್ಡ ಬಾರದ ಮರಕ್ಕೂ ಕೊಡಲಿ ಯಾಕೆ? ಕಡಿದದ್ದಕ್ಕೆ ಬದಲು ನೆಡುವಾಗ ಧೂಪವನ್ನೇ ಯಾಕೆ ನೆಡಬಾರದು?

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಅದರ ಪ್ರಕಾರ, ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವ ಮೊದಲು ನೋಟಿಸು ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಕೇಳಿದಾಗ ಹೇಳುವವರೇ ಇಲ್ಲದಿದ್ದರೆ ಅಧಿಕಾರಿಯನ್ನು ಬೈದು ಫಲವಿಲ್ಲ. ಮರದ ನೆರಳಿನಲ್ಲಿ ಅಂಗಡಿ ಇಟ್ಟವರೂ, ಅದರಡಿ ಬಸ್ಸು ಕಾಯುವವರೂ ಮುಂದಿನ ನೋಟಿಸಿಗೆ ತಲಾ ಒಂದು ಅರ್ಜಿ ಬರೆಯಲಿ. ಅಂಬರ್ ಆಗಲು ಕೋಟಿ ವರ್ಷ ಬೇಕು. ಅರ್ಜಿಗೆ ಹತ್ತು ನಿಮಿಷ ಸಾಕು.