ಕುಡಿತ ಬಿಡಲು ಕಲ್ಯಾಣ ನಗರದವರೆಗೂ ಹೋಗಬೇಕೆ?



ಸಾಲದ ಲೆಕ್ಕ ಬರೆಯುವಾಗ ನಾವು ಸೊಸೈಟಿ ಸಾಲ, ಬ್ಯಾಂಕ್ ಸಾಲ, ಅಡವಿಟ್ಟ ಒಡವೆ, ಗೊಬ್ಬರದಂಗಡಿ ಬಾಕಿ, ಕೈಸಾಲ ಎಲ್ಲಾ ಬರೆಯುತ್ತೇವೆ. ಕುಡಿತದ ಬಾಬ್ತು ಮಾತ್ರ ಬರೆಯುವುದಿಲ್ಲ. ಬರೆದರೆ ಅಧಿಕಾರಿಗಳಿಗೆ ನೆಪ ಸಿಕ್ಕಂತಾಗುತ್ತೆ, 'ರೈತ ಕುಡಿದು ಹಾಳಾದ, ಬೆಲೆ ಸಿಗದೆ ಅಲ್ಲ' ಅಂತ ಷರಾ ಬರೆದು ಕಡತ ಮುಚ್ಚುತ್ತಾರೆ ಅನ್ನೋ ಭಯ. ಆ ಭಯ ಸುಳ್ಳಲ್ಲ. ಆದರೆ ದಿನಕ್ಕೆ 150 ರೂಪಾಯಿ ಕುಡಿಯುವವನ ಮನೆಯಿಂದ ವರ್ಷಕ್ಕೆ 54,750 ರೂಪಾಯಿ ಹೋಗುತ್ತೆ. ಇದನ್ನು ಯಾವ ಬೆಂಬಲ ಬೆಲೆಯೂ ತುಂಬಿಕೊಡಲ್ಲ.

ಸರ್ಕಾರದ್ದು ಕೇಳಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಅದರ ಜಾಗಕ್ಕೆ ಪೊಟ್ಟಣದ ವಿಸ್ಕಿ ಬಂತು. 2019ರ ಜನವರಿಯಲ್ಲಿ ನಮ್ಮ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದು ಬಂದು ಮದ್ಯ ನಿಲ್ಲಿಸಿ ಅಂತ ಕೇಳಿದರು. ನಿಲ್ಲಲಿಲ್ಲ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಗುರಿ 40,000 ಕೋಟಿ. ರೈತ ಬೆಳೆದ ಟೊಮೇಟೊಗೆ ಗುರಿ ಇಲ್ಲ, ರೈತನ ಗಂಟಲಿಗೆ ಗುರಿ ಇದೆ!

ಕುಡಿಸೋಕೆ ಇಷ್ಟು ಏರ್ಪಾಡು ಇರುವಾಗ ಬಿಡಿಸೋಕೆ ಏನಿದೆ? ನಮ್ಮ ಹೋಬಳಿಯ ಒಬ್ಬ ರೈತ ತಾನಾಗಿಯೇ ಬಂದು, "ಅಣ್ಣಾ, ಬಿಡಬೇಕು, ಒಬ್ಬನ ಕೈಲಿ ಆಗ್ತಿಲ್ಲ" ಅಂದ. ಆಸ್ಪತ್ರೆಯಲ್ಲಿ ಮದ್ದು ಕೊಟ್ಟ ಡಾಕ್ಟರು, ಇನ್ನು ಮುಂದೆ ಎ.ಎ. ಮೀಟಿಂಗಿಗೆ ಹೋಗು, ಕಲ್ಯಾಣ ನಗರದ ಕಡೆ ನಡೆಯುತ್ತೆ ಅಂದಿದ್ದರಂತೆ. ಇಬ್ಬರೂ ಹೊಸಕೋಟೆಯಿಂದ ಬಸ್ ಹತ್ತಿ, ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ರಿಂಗ್ ರೋಡ್ ಬಸ್ ಹಿಡಿದು ಹೋದೆವು. ಬಾಣಸವಾಡಿ, ಚಳ್ಳಕೆರೆ ಎಲ್ಲಾ ಒಂದು ಕಾಲಕ್ಕೆ ಬೇಸಾಯದ ಊರುಗಳೇ, ಈಗ ಬಡಾವಣೆ. ಬಾರ್ ಎಲ್ಲಿದೆ ಅಂದರೆ ಎಳನೀರು ಮಾರುವವನೂ ಕೈ ತೋರಿಸುತ್ತಾನೆ. ಮೀಟಿಂಗ್ ಎಲ್ಲಿ ಅಂದರೆ ಯಾರಿಗೂ ಗೊತ್ತಿಲ್ಲ. ಮುಕ್ಕಾಲು ಗಂಟೆ ಅಲೆದ ಮೇಲೆ ಒಬ್ಬ ಆಟೋದವರು ದನಿ ತಗ್ಗಿಸಿ, "ಚರ್ಚಿನ ಹಿಂದಿನ ಕೋಣೆ, ಬನ್ನಿ ಯಜಮಾನ್ರೇ" ಅಂತ ಕರೆದುಕೊಂಡು ಹೋಗಿ ಬಿಟ್ಟರು. ಬಾಡಿಗೆ ಮುಟ್ಟಲಿಲ್ಲ. ಯಾಕೆ ಅಂತ ನಾನು ಕೇಳಲೂ ಇಲ್ಲ.

ದೊಡ್ಡ ಬೋರ್ಡು ಯಾಕಿಲ್ಲ ಅನ್ನೋದು ಒಳಗೆ ಹೋದ ಮೇಲೆ ತಿಳಿಯಿತು. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಹೆಸರಿನಲ್ಲೇ ಅನಾಮಧೇಯ ಅನ್ನೋ ಅರ್ಥ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಕುಡಿತಕ್ಕೆ ಸಿಕ್ಕಿದ್ದ ಒಬ್ಬ ಷೇರು ವ್ಯಾಪಾರದವ, ಒಬ್ಬ ಡಾಕ್ಟರು ಸೇರಿ ಶುರುಮಾಡಿದ್ದು. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡುವ ಆಸೆ. ಚಂದಾ ಇಲ್ಲ, ಅರ್ಜಿ ಇಲ್ಲ. ಹೊರಗಿನವರ ದೇಣಿಗೆ ಮುಟ್ಟಲ್ಲ, ಖರ್ಚಿಗೆ ಸದಸ್ಯರೇ ಕೈಲಾದ್ದು ಹಾಕುತ್ತಾರೆ. ಒಬ್ಬ ಹೇಳುತ್ತಾನೆ, ಮಿಕ್ಕವರು ಕೇಳುತ್ತಾರೆ, ಯಾರೂ ಬುದ್ಧಿ ಹೇಳಲ್ಲ. ಇವತ್ತು ಒಂದು ದಿನ ಕುಡಿಯಲ್ಲ ಅನ್ನೋದಷ್ಟೇ ಅವರ ಲೆಕ್ಕ. ಓಪನ್ ಮೀಟಿಂಗ್ ಆದ್ದರಿಂದ ನನಗೂ ಕೂರಲು ಜಾಗ ಸಿಕ್ಕಿತು. ಕ್ಲೋಸ್ಡ್ ಆದರೆ ಕುಡಿತದವರಿಗೆ ಮಾತ್ರ. ಹೋಗುವ ಮುಂಚೆ ಯಾವ ದಿನ, ಯಾವ ಭಾಷೆ, ಯಾವ ಬಗೆಯ ಮೀಟಿಂಗ್ ಅಂತ ವಿಚಾರಿಸಿಕೊಳ್ಳಿ. ಆವತ್ತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ನಮ್ಮವನ ಮುಖ ನೋಡಿ ಇಬ್ಬರು ಕನ್ನಡಕ್ಕೆ ತಿರುಗಿದರು. ಒಬ್ಬರು ಆಫೀಸರ್ ಇದ್ದ ಹಾಗಿತ್ತು, ಹೆಂಡತಿಯ ತಾಳಿ ಮಾರಿದ್ದನ್ನು ಹೇಳಿದರು. ನಮ್ಮವ ತಲೆ ಎತ್ತಿ ನೋಡಿದ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣಕ್ಕೂ ಅಪಾಯ. ಮೊದಲು ಸರ್ಕಾರಿ ಆಸ್ಪತ್ರೆಗೋ ನಿಮ್ಹಾನ್ಸಿಗೋ ತೋರಿಸಿ, ಆಮೇಲೆ ಮೀಟಿಂಗ್. 14416ಕ್ಕೆ ಫೋನ್ ಮಾಡಿದರೂ ಪುಕ್ಕಟೆ ಸಲಹೆ ಸಿಗುತ್ತೆ. ಊಟದಲ್ಲಿ ಗೊತ್ತಾಗದ ಹಾಗೆ ಪುಡಿ ಬೆರೆಸಿ ಅಂತ ದುಡ್ಡು ಕೀಳುವವರನ್ನು ಊರೊಳಗೆ ಬಿಡಬೇಡಿ.

ಎ.ಎ.ಯವರು ಅಂಗಡಿ ಮುಚ್ಚಿ ಅನ್ನಲ್ಲ, ಸರ್ಕಾರವನ್ನು ಬೈಯಲ್ಲ. ಹೊರಗಿನ ವಿವಾದ ನಮಗೆ ಬೇಡ ಅನ್ನೋದು ಅವರ ನಿಯಮ. ಹೋರಾಟಗಾರರಾದ ನಮಗೆ ಇದು ಹಿಡಿಸಲ್ಲ. ಆದರೆ ಯೋಚನೆ ಮಾಡಿ, ಅಬಕಾರಿ ನೀತಿ ಬದಲಾಗುವವರೆಗೆ ನಮ್ಮ ಹೋಬಳಿಯವನು ಕಾಯೋಕಾಗುತ್ತಾ? ಅವರ ಕೆಲಸ ಅವರು ಮಾಡಲಿ, ಸರ್ಕಾರವನ್ನು ಬೈಯೋ ಕೆಲಸ ನಮ್ಮದೇ ಇರಲಿ. ಧರಣಿ ಮುಗಿಸಿ ಹಸಿರು ಶಾಲು ಹೊದ್ದುಕೊಂಡೇ ಬಾರಿಗೆ ನುಗ್ಗುವ ಕಾರ್ಯಕರ್ತರೂ ಇದ್ದಾರೆ, ಅವರಿಗೂ ಈ ಮಾತು ಸೇರಿತು.

ಹಳ್ಳಿಯಲ್ಲಿ ಇದು ಆಗದ ಕೆಲಸವೇನಲ್ಲ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿದ ಮೇಲೂ ನವಜೀವನ ಸಮಿತಿ ಅಂತ ಬಿಟ್ಟವರು ಕೂಡುತ್ತಾರೆ. ನಮಗೆ ಬೇಕಾದ್ದು ವಾರಕ್ಕೆ ಒಂದು ಸಂಜೆ, ಒಂದು ಕೋಣೆ, ಒಂದು ಕೆಟಲ್ ಟೀ. ಹಾಲಿನ ಡೇರಿ ಕೋಣೆ ಸಂಜೆ ಹಾಲು ಅಳೆದ ಮೇಲೆ ಖಾಲಿ ಬಿದ್ದಿರುತ್ತೆ. ಫೋಟೋ ಬೇಡ, ಹಾರ ಬೇಡ, ಮುಖಂಡರ ಭಾಷಣವಂತೂ ಬೇಡವೇ ಬೇಡ. ಹೆಂಡತಿ, ತಾಯಿಯರು ಬೇರೆಯಾಗಿ ಕೂಡಲೂ ಜಾಗ ಇರಲಿ.

ನಮ್ಮವ ಈಗ ವಾರಕ್ಕೊಮ್ಮೆ ಕಲ್ಯಾಣ ನಗರಕ್ಕೆ ಹೋಗಿ ಬರುತ್ತಾನೆ. ಅರ್ಧ ದಿನದ ಕೂಲಿ, ಬಸ್ ಚಾರ್ಜು ಹೋಗುತ್ತೆ. ಸುಗ್ಗಿಯಲ್ಲಿ ಹೇಗೆ ಹೋಗ್ತಾನೋ ಗೊತ್ತಿಲ್ಲ. ಬರುವ ತಿಂಗಳ ತಾಲ್ಲೂಕು ಸಭೆಯಲ್ಲಿ ಈ ವಿಷಯ ಇಡುತ್ತೇನೆ. ಯಾವ ಊರಿನವರು ಕೋಣೆ ಕೊಡುತ್ತೀರಿ, ಅಲ್ಲೇ ಹೇಳಿ.